ಓಡುವಾಗ ಸಿಕ್ಕ ಚಿಂಕಾರ: ನಾನು ಮಾಡಿದ್ದು ತಪ್ಪಾ?

ಮಸಾರಿ ಹಾದಿ (ಬಾಗಲಕೋಟೆ)

ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನಾಲ್ಕು ದಿನದಿಂದ ತಲೆಯಲ್ಲಿ ಇದೇ ಕುಳಿತಿದೆ. ಬರೆದು ಹಾಕಿದರೆ ಸ್ವಲ್ಪ ಹಗುರ ಆಗಬಹುದು.

ಕಳೆದ ಭಾನುವಾರ ನಾವು ಮೂವರು ಬೀಳಗಿ ಕಡೆ 18 ಕಿ.ಮೀ. ಓಡಲು ಹೋಗಿದ್ದೆವು. ಯಡಹಳ್ಳಿ ಚಿಂಕಾರ (ಜಿಂಕೆಯಂಥ ಸಣ್ಣ ಕಾಡುಪ್ರಾಣಿ) ಧಾಮದ ಒಳಗಲ್ಲ, ಹೊರಗಿನ ಬಂಡಿ ದಾರಿ. (ಒಳಗೆ ಅನುಮತಿ ಬೇಕು ಅಂತ ಗೊತ್ತು. ದಯವಿಟ್ಟು ಅದಕ್ಕೆ ಜಗಳ ತೆಗೆಯಬೇಡಿ.) ಒಂದು ಕಡೆ ಜಾಲಿ ಕಂಟಿ, ಇನ್ನೊಂದು ಕಡೆ ಕಬ್ಬು, ಗೋವಿನಜೋಳ. ಬೆಳಿಗ್ಗೆ ಆರೂಮುಕ್ಕಾಲು ಇರಬೇಕು. ಗೆಳೆಯರು ಮುಂದೆ ಹೋಗಿದ್ದರು. ನನ್ನ ಮೊಣಕಾಲು ಹಿಡಿದುಕೊಂಡಿತ್ತು, ಹಿಂದೆ ಉಳಿದಿದ್ದೆ.

ಮೊದಲು ನಾಯಿಗಳ ಸದ್ದು. ಬೊಗಳುತ್ತಿರಲಿಲ್ಲ, ಬೆನ್ನಟ್ಟುವಾಗ ಕುಂಯ್‌ಗುಡುತ್ತವಲ್ಲ, ಹಾಗೆ. ತಿರುವು ದಾಟಿದರೆ ಹೊಲದ ಹಳೇ ತಂತಿ ಬೇಲಿಗೆ ಬೆನ್ನು ಹಚ್ಚಿ ಒಂದು ಚಿಂಕಾರ ನಿಂತಿದೆ. ಎದುರಿಗೆ ಐದು ನಾಯಿ. ಕಲ್ಲು ಎತ್ತಿಕೊಂಡು ಕೂಗಿದೆ. ನಾಯಿಗಳು ಐವತ್ತು ಹೆಜ್ಜೆ ಹಿಂದೆ ಸರಿದು ಕುಳಿತವು. ಚಿಂಕಾರ ಓಡಿಹೋಗುತ್ತೆ ಅಂದುಕೊಂಡೆ. ಎರಡು ಹೆಜ್ಜೆ ಇಟ್ಟಿತು, ಮುಂಗಾಲು ಮಡಚಿಕೊಂಡು ಹಾಗೇ ಕುಸಿಯಿತು.

ತೊಡೆಯ ಹತ್ತಿರ ಕಚ್ಚಿದ ಗಾಯ ಇತ್ತು, ದೊಡ್ಡದೇನಲ್ಲ. ರಕ್ತವೂ ಜಾಸ್ತಿ ಇರಲಿಲ್ಲ. ಬಾಯಿ ತೆರೆದು ಉಸಿರಾಡುತ್ತಿತ್ತು. ಕಣ್ಣಿನಿಂದ ಮೂಗಿನವರೆಗೆ ಕಂದು ಪಟ್ಟಿ ಇರುತ್ತಲ್ಲ, ಅದರ ಮೇಲೆ ಧೂಳು ಮೆತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡೆ. ಟವೆಲ್ ಹಾಸಿದೆ. ಮೈ ಸವರಿದೆ. ನನ್ನ ಬಾಟಲಿಯ ನೀರನ್ನು ಬಾಯಿಗೆ ಹಿಂಡಿದೆ. ಕೆಮ್ಮಿತು. ಮತ್ತೆ ಹಿಂಡಿದೆ.

ಅಷ್ಟರಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಬಂದರು. ದೂರದಿಂದಲೇ, ‘ಮುಟ್ಟಬ್ಯಾಡ್ರಿ ಸರ, ದೂರ ಸರೀರಿ, ಅಂಜಿ ಸಾಯ್ತೈತಿ’ ಅಂದರು. ನಾನು ಕೇಳಿಸಿದರೂ ಕೇಳಿಸದಂತೆ ಇದ್ದೆ. ಎಂಥ ಕಲ್ಲು ಮನಸ್ಸು ಅಂದುಕೊಂಡೆ ಕೂಡ. ಆಮೇಲೆ ಊರಿನವರು ಹದಿನೈದು ಜನ ಸೇರಿದರು. ಫೋಟೊ, ವಿಡಿಯೊ, ಎಲ್ಲ ಆಯಿತು. ಒಂದು ಕಚೇರಿಗೆ ಫೋನ್ ಹಚ್ಚಿದರೆ ಇನ್ನೊಂದು ನಂಬರ್ ಕೊಟ್ಟರು. ಜೀಪ್ ಬರಲು ಒಂದೂವರೆ ಗಂಟೆ ಆಯಿತು. ಅದು ಬರುವ ಹತ್ತು ನಿಮಿಷ ಮೊದಲು ಚಿಂಕಾರ ಸತ್ತಿತು. ಬಾಲ ಎರಡು ಸಲ ಅಲ್ಲಾಡಿತು, ಅಷ್ಟೇ.

ಇನ್ನೊಂದು ಮಾತು. ಸಾಯುವ ಮೊದಲು ಅದು ಟವೆಲ್ ಮೇಲೆ ಉಚ್ಚೆ ಹೊಯ್ದಿತ್ತು. ಬಿಳಿ ಟವೆಲ್. ಮನೆಗೆ ಬಂದು ನೋಡಿದರೆ ಕಲೆ ಹಾಲಿಲ್ಲದ ಚಹಾ ಬಣ್ಣ. ಅದೇಕೆ ಹಾಗೆ?

ಗಾಯ ಅಷ್ಟು ಚಿಕ್ಕದಿತ್ತು. ಸಾಯಬಾರದಿತ್ತು ಅನಿಸುತ್ತೆ. ನಾನು ಏನು ತಪ್ಪು ಮಾಡಿದೆ?

ಬಿಳಿಜೋಳ

ಓದಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ನೀವು ನಿಂತಿರಿ. ಎಷ್ಟೋ ಜನ ಹಾಗೇ ಓಡಿಕೊಂಡು ಹೋಗುತ್ತಿದ್ದರು. ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ.

ಪಶುವೈದ್ಯ, ಜಮಖಂಡಿ

ಟವೆಲ್ ಕಲೆಯ ಬಗ್ಗೆ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಚಿಂಕಾರ, ಕೃಷ್ಣಮೃಗ, ಜಿಂಕೆ, ಮೊಲ, ಇವೆಲ್ಲ ಓಡಿ ಬದುಕುವ ಪ್ರಾಣಿಗಳು. ನಾಯಿಗಳು ತುಂಬಾ ಹೊತ್ತು ಅಟ್ಟಿಸಿಕೊಂಡು ಬಂದಾಗ ಶಕ್ತಿ ಮೀರಿ ಓಡುತ್ತವೆ. ಮೈ ಬಿಸಿ ವಿಪರೀತ ಏರುತ್ತೆ. ರಕ್ತದಲ್ಲಿ ಆಮ್ಲ ಜಾಸ್ತಿ ಆಗುತ್ತೆ. ಮಾಂಸಖಂಡಗಳೇ ಒಳಗೊಳಗೆ ಒಡೆಯಲು ಶುರುವಾಗುತ್ತವೆ. ಹಾಗೆ ಒಡೆದ ಮಾಂಸಖಂಡದ ಬಣ್ಣ ರಕ್ತಕ್ಕೆ ಸೇರಿ, ಮೂತ್ರಪಿಂಡದ ಮೂಲಕ ಹೊರಗೆ ಬರುತ್ತೆ. ಆಗ ಉಚ್ಚೆ ಚಹಾ ಬಣ್ಣಕ್ಕೆ ತಿರುಗುತ್ತೆ. ಇದಕ್ಕೆ ಕ್ಯಾಪ್ಚರ್ ಮಯೋಪತಿ ಅಂತಾರೆ. ಪರೀಕ್ಷೆ ಮಾಡದೆ ಖಚಿತ ಹೇಳಲಾರೆ, ಕಚ್ಚಿದ ಪೆಟ್ಟಿಗೆ ಒಳಗೆ ರಕ್ತ ಸೋರಿದ್ದರೂ ಇರಬಹುದು. ಆದರೆ ನೀವು ಹೇಳಿದ ಕಥೆ ಅದಕ್ಕೇ ಹೊಂದುತ್ತೆ: ಚಿಕ್ಕ ಗಾಯ, ಮಡಚಿದ ಕಾಲು, ತೆರೆದ ಬಾಯಿ.

ಇದರಲ್ಲಿ ಒಂದು ಮೋಸ ಇದೆ. ಕೆಲವು ಸಲ ಪ್ರಾಣಿ ಎದ್ದು ಓಡಿಹೋಗುತ್ತೆ. ಬದುಕಿತು ಅಂತ ನಾವು ಚಪ್ಪಾಳೆ ತಟ್ಟುತ್ತೇವೆ. ಅದು ಎರಡು ದಿನ ಬಿಟ್ಟು ಎಲ್ಲೋ ಕಂಟಿಯಲ್ಲಿ ಸತ್ತಿರುತ್ತೆ.

ಈಗ ನಿಮ್ಮ ಪ್ರಶ್ನೆಗೆ. ನಾಯಿ ಓಡಿಸಿದ್ದು ಸರಿ. ಆಮೇಲಿನದು ಸರಿಯಲ್ಲ. ಅದರ ಲೆಕ್ಕದಲ್ಲಿ ನೀವು ಆರನೇ ನಾಯಿ. ನಾವು ಸವರಿದರೆ ನಮ್ಮ ಮನೆಯ ಆಕಳಿಗೆ ಸಮಾಧಾನ ಆಗುತ್ತೆ. ಕಾಡು ಪ್ರಾಣಿಗೆ ಮನುಷ್ಯನ ಕೈ ಅಂದರೆ ಹಿಡಿದವನ ಕೈ. ಅದು ಅಲುಗಾಡದೆ ಮಲಗಿದ್ದನ್ನು ನೀವು ಸಮಾಧಾನ ಅಂದುಕೊಂಡಿರಿ. ಅದು ಭಯದಿಂದ ಸೆಟೆದು ಮಲಗಿತ್ತು.

ನೀರು ಕುಡಿಸಲೇಬಾರದು. ನುಂಗಲು ಆಗದ ಸ್ಥಿತಿಯಲ್ಲಿ ಬಾಯಿಗೆ ಹಿಂಡಿದ ನೀರು ಶ್ವಾಸಕೋಶಕ್ಕೆ ಹೋಗುತ್ತೆ. ಕೆಮ್ಮಿತು ಅಂದಿರಲ್ಲ, ಅದಕ್ಕೇ. ಚಿಂಕಾರ ಎಲೆ, ಇಬ್ಬನಿಯ ನೀರಿನಲ್ಲೇ ಬಹಳ ದಿನ ಕಳೆಯುವ ಪ್ರಾಣಿ. ಆ ಹೊತ್ತಿಗೆ ಅದಕ್ಕೆ ಬೇಕಿದ್ದದ್ದು ನೀರಲ್ಲ.

ಇಷ್ಟಾದರೂ, ನೀವು ಎಲ್ಲ ಸರಿ ಮಾಡಿದ್ದರೂ ಅದು ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಈ ಸ್ಥಿತಿಗೆ ಬಂದಮೇಲೆ ನಮ್ಮ ಕೈಯಲ್ಲೂ ಹೆಚ್ಚಿನವು ಉಳಿಯುವುದಿಲ್ಲ.

ಮಸಾರಿ ಹಾದಿ

ಆರನೇ ನಾಯಿ. ಈ ಮಾತು ಎರಡು ಸಲ ಓದಿದೆ. ಕಷ್ಟ ಆಯಿತು, ಆದರೆ ನೇರವಾಗಿ ಹೇಳಿದ್ದಕ್ಕೆ ಧನ್ಯವಾದ ಡಾಕ್ಟರ್. ಹಾಗಾದರೆ ಏನು ಮಾಡಬೇಕಿತ್ತು? ಸುಮ್ನೆ ನಿಂತು ನೋಡಬೇಕಿತ್ತಾ?

ಪಶುವೈದ್ಯ, ಜಮಖಂಡಿ

ಸುಮ್ನೆ ನಿಲ್ಲುವುದೂ ಕೆಲಸವೇ. ಅದರ ಕಣ್ಣಿಗೆ ಕಾಣದಷ್ಟು ದೂರ ಹೋಗಿ, ನಾಯಿ ಮತ್ತೆ ಬರದ ಹಾಗೆ ಕಾಯಬೇಕು. ಜನ ಸೇರಿದರೆ ತಡೆಯಬೇಕು. ಇದು ಎಲ್ಲಕ್ಕಿಂತ ಕಷ್ಟ, ನನಗೆ ಗೊತ್ತು. ಹದಿನೈದು ಜನರ ಪಿಸುಮಾತೂ ಅದಕ್ಕೆ ಹೆದರಿಕೆಯೇ. ತೀರಾ ಹತ್ತಿರ ಹೋಗಲೇಬೇಕಾದರೆ, ಉದಾಹರಣೆಗೆ ರಸ್ತೆ ನಡುವೆ ಬಿದ್ದಿದ್ದರೆ, ಹಗುರ ಬಟ್ಟೆಯಿಂದ ಕಣ್ಣು ಮುಚ್ಚಿ. ಮೂಗು, ಬಾಯಿ ಬಿಡಿ. ಕತ್ತಲಾದರೆ ಅರ್ಧ ಹೆದರಿಕೆ ಇಳಿಯುತ್ತೆ. ಪಕ್ಕಕ್ಕೆ ಮಲಗಿಸಬೇಡಿ, ಮೆಲುಕು ಹಾಕುವ ಪ್ರಾಣಿ, ಹೊಟ್ಟೆ ಉಬ್ಬುತ್ತೆ. ಆಕಳು ಕೂರುವ ಹಾಗೆ ಎದೆ ನೆಲಕ್ಕೆ ಊರಿರಲಿ. ಕೊಂಬಿನ ಕಡೆ ಹುಷಾರು. ಚಿಂಕಾರದಲ್ಲಿ ಹೆಣ್ಣಿಗೂ ಕೊಂಬು ಇರುತ್ತೆ, ತೆಳ್ಳಗೆ.

ಹೊಲದ ಬದು

ಆ ಕುರಿ ಕಾಯುವ ಅಜ್ಜ ಹೇಳಿದ್ದನ್ನೇ ಡಾಕ್ಟರ್ ಒಂದು ಪುಟ ಬರೆದರು, ಅಲ್ವಾ. ‘ಅಂಜಿ ಸಾಯ್ತೈತಿ’ ಅನ್ನೋದು ನಮ್ಮ ಕಡೆ ಹಳೇ ಮಾತು. ಚಿಗರಿ ಹಿಡಿದವನ ಮನೆಯಲ್ಲಿ ಚಿಗರಿ ಉಳಿಯೋದಿಲ್ಲ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ನಾವೆಲ್ಲ ಅದನ್ನು ಶಾಪ ಅಂದುಕೊಂಡಿದ್ದೆವು.

ಹೊರಗಿನವರಿಗೆ: ಚಿಗರಿ ಅಂದರೆ ನಮ್ಮ ಭಾಷೆಯಲ್ಲಿ ಈ ಜಾತಿಯ ಓಟದ ಪ್ರಾಣಿಗಳಿಗೆಲ್ಲ ಒಂದೇ ಹೆಸರು. ಹುಬ್ಬಳ್ಳಿ-ಧಾರವಾಡದ ಬಸ್ಸಿಗೂ ಅದೇ ಹೆಸರು ಇಟ್ಟಿದ್ದಾರೆ.

ಇನ್ನು ನಾಯಿ ವಿಷಯ. ಊರ ಹೊರಗೆ ಕೋಳಿ ಅಂಗಡಿಯ ಕಸ ಸುರಿಯುತ್ತಾರಲ್ಲ, ಆ ನಾಯಿಗಳೇ ಇವು. ರಾತ್ರಿ ಕೋಳಿ ಕರುಳು, ಬೆಳಿಗ್ಗೆ ಚಿಗರಿ. ಹಸಿದು ಅಟ್ಟುವುದೂ ಅಲ್ಲ, ಐದಾರು ಸೇರಿದರೆ ಅವಕ್ಕೆ ಆಟ.

ಗೋಡೆ ಹಲ್ಲಿ

ಮುಧೋಳ ಪಕ್ಕದಲ್ಲೇ ಇದೆ. ಬೇಟೆ ನಾಯಿ ಬಿಟ್ಟಿರಬಹುದು ಅಂತ ಯಾರೂ ಯೋಚಿಸಲಿಲ್ವಾ?

ಮುಧೋಳ ಮನಿ

ಬಂತು ನೋಡಿ. ಏನೇ ಆದರೂ ನಮ್ಮ ನಾಯಿ ಮೇಲೆ. ಮುಧೋಳ ನಾಯಿ ಕಣ್ಣಿನಿಂದ ನೋಡಿ ಓಡಿ ಹಿಡಿಯುವ ತಳಿ, ಬೇಟೆಗೇ ಸಾಕಿದ್ದು, ಒಪ್ಪುತ್ತೇನೆ. ಆದರೆ ಇವತ್ತು ಒಂದು ಮರಿಗೆ ಸಾವಿರಾರು ರೂಪಾಯಿ ಕೊಟ್ಟವರು ಬೀದಿಗೆ ಬಿಡೋದಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು ಸ್ವಾಮಿ. ಬರೆದವರೇ ಹೇಳಲಿ, ಆ ಐದು ಹೇಗಿದ್ದವು?

ಮಸಾರಿ ಹಾದಿ

ಎಲ್ಲ ಬೀದಿ ನಾಯಿ. ಒಂದಕ್ಕೆ ಕೊರಳಲ್ಲಿ ಕೆಂಪು ದಾರ ಇತ್ತು. ಮುಧೋಳದ್ದು ಒಂದೂ ಇರಲಿಲ್ಲ.

ಕೃಷ್ಣೆಯ ದಂಡೆ

ಎಲ್ಲರೂ ಬೈಯಬಹುದು, ಆದರೂ ಕೇಳುತ್ತೇನೆ. ಒಂದು ಪ್ರಾಣಿ ಇನ್ನೊಂದನ್ನು ಹಿಡಿಯುವುದು ಪ್ರಕೃತಿ. ನಾವು ಕಲ್ಲು ಎತ್ತಿಕೊಂಡು ನಡುವೆ ಹೋಗೋದು ಯಾಕೆ?

ಗೋಳಗುಮ್ಮಟ 21

ತೋಳ ಹಿಡಿದಿದ್ದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ತೋಳ ಕಂಡರೆ ನಾನಂತೂ ಉಸಿರು ಬಿಗಿಹಿಡಿದು ಹಿಂದೆ ಸರಿಯುತ್ತೇನೆ. ಅದರ ಊಟ ಕಿತ್ತುಕೊಂಡರೆ ಅದು ಇನ್ನೊಂದನ್ನು ಕೊಲ್ಲಬೇಕು, ಅಷ್ಟೇ ಆಗೋದು. ಆದರೆ ನಾಯಿ ಪ್ರಕೃತಿಯಲ್ಲ. ನಾಯಿಗೆ ಅನ್ನ ಹಾಕಿದ್ದು ನಾವು. ಆ ಬೇಲಿ ಹಾಕಿದ್ದೂ ನಾವು. ಬೇಲಿ ಇರದಿದ್ದರೆ ಚಿಂಕಾರ ಆ ಐದನ್ನೂ ಹಿಂದೆ ಹಾಕುತ್ತಿತ್ತು.

ನಾನು ವಿಜಯಪುರದವನು. ನಮ್ಮೂರ ವೃಕ್ಷಥಾನ್ ಓಟಕ್ಕೆ ತಯಾರಿ ಮಾಡುವಾಗ ಭೂತನಾಳ ಕೆರೆ ಆಚೆ ಹೊಲಗಳ ಕಡೆ ಓಡುತ್ತಿದ್ದೆ. ಒಂದು ದಿನ ಕಟ್ಟೆ ಇಲ್ಲದ ಬಾವಿಯಲ್ಲಿ ನರಿ ಬಿದ್ದಿತ್ತು. ನೀರು ಮೊಣಕಾಲುದ್ದ. ಒಂದು ಕಲ್ಲಿನ ಮೇಲೆ ಕುಳಿತು ಮೇಲೆ ನೋಡುತ್ತಿತ್ತು. ನಮ್ಮ ಹುಡುಗರು ಹಗ್ಗದ ಕುಣಿಕೆ ಬಿಡಲು ಹೊರಟಿದ್ದರು. ಪುಣ್ಯಕ್ಕೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಬಂದವರು ಮಾಡಿದ್ದು ಇಷ್ಟೇ: ಉದ್ದನೆ ಏಣಿಗೆ ಗೋಣಿ ಚೀಲ ಸುತ್ತಿ ಓರೆಯಾಗಿ ಇಳಿಬಿಟ್ಟರು. ಎಲ್ಲರನ್ನೂ ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ನರಿ ಇರಲಿಲ್ಲ, ಗೋಣಿ ಮೇಲೆ ಒದ್ದೆ ಹೆಜ್ಜೆ ಇತ್ತು. ಆ ಹೆಜ್ಜೆಯ ಫೋಟೊ ಈಗಲೂ ನನ್ನ ಫೋನಿನಲ್ಲಿದೆ.

ಕುಣಿಕೆ ಹಾಕಿದ್ದರೆ? ಕುತ್ತಿಗೆ ಬಿಗಿದು ಮೇಲೆ ಬರುವಷ್ಟರಲ್ಲಿ ಸತ್ತಿರುತ್ತಿತ್ತು. ಇಲ್ಲದಿದ್ದರೆ ನಮ್ಮಲ್ಲಿ ಒಬ್ಬನಿಗೆ ಕಚ್ಚಿರುತ್ತಿತ್ತು.

ರಾಜಹಂಸಗಡ ರನ್ನರ್ (ಬೆಳಗಾವಿ)

ನಮ್ಮ ಕಡೆಯದು ಬೇರೆ ಕಥೆ. ಕಬ್ಬು ಕಡಿಯುವ ದಿನ ಬಂದರೆ ವಾಟ್ಸಾಪ್‌ನಲ್ಲಿ ‘ಚಿರತೆ ಮರಿ ಸಿಕ್ಕಿತು’ ಅಂತ ಫೋಟೊ ಶುರು. ಅದರಲ್ಲೂ 2022ರ ಆಗಸ್ಟ್ ಆದಮೇಲೆ ಜಾಸ್ತಿ. ಆಗ ಗಾಲ್ಫ್ ಮೈದಾನದಲ್ಲಿ ಚಿರತೆ ಅಂತ ಸುತ್ತಲಿನ ಶಾಲೆಗೆಲ್ಲ ರಜೆ ಕೊಟ್ಟರು, ಶಿವಮೊಗ್ಗ ಹತ್ತಿರದ ಸಕ್ರೆಬೈಲು ಆನೆ ಶಿಬಿರದಿಂದ ಆನೆ ತರಿಸಿದರು, ಚಿರತೆ ಮಾತ್ರ ಕೈಗೆ ಸಿಗಲಿಲ್ಲ. ಅಂದಿನಿಂದ ಬೆಳಗಾವಿಯವರಿಗೆ ಬೆಕ್ಕು ಕಂಡರೂ ಚಿರತೆ.

ಹೋದ ಚಳಿಗಾಲ ಯಳ್ಳೂರು ಹತ್ತಿರ ಓಡುತ್ತಿದ್ದಾಗ ಕಬ್ಬು ಕಡಿಯುವವರು ಕೂಗಿ ಕರೆದರು. ಬುಟ್ಟಿಯಲ್ಲಿ ಮೂರು ಮರಿ. ಒಬ್ಬ ಹುಡುಗ ಆಗಲೇ ಮನೆಯಿಂದ ಹಾಲು ತರಿಸಿದ್ದ. ನೋಡಿದರೆ ಮೈಮೇಲೆ ಚುಕ್ಕಿ ಇಲ್ಲ, ತೆಳುವಾದ ಗೆರೆ. ಬಾಲ ಗಿಡ್ಡ. ಕಾಡುಬೆಕ್ಕಿನ ಮರಿ. ಚಿರತೆ ಮರಿಗೆ ಹುಟ್ಟುವಾಗಲೇ ಚುಕ್ಕಿ ಗುರುತು ಇರುತ್ತೆ, ಬಾಲವೂ ಉದ್ದ.

ಹಾಲು ಹಾಕಬೇಡಿ ಅಂದೆ. ಬುಟ್ಟಿಯನ್ನು ಸಿಕ್ಕ ಜಾಗದಲ್ಲೇ ಇಟ್ಟು, ಆ ಒಂದು ಪಟ್ಟಿ ಕಬ್ಬು ಆ ದಿನ ಬಿಟ್ಟುಬಿಡಿ ಅಂದೆ. ಗ್ಯಾಂಗಿನ ಮುಕಾದಮನಿಗೆ ಸಿಟ್ಟು ಬಂತು, ಲಾರಿ ಕಾಯುತ್ತಿದೆ ಅಂದ. ಅವನ ಮಾತೂ ಸುಳ್ಳಲ್ಲ, ಟನ್ ಲೆಕ್ಕದ ಕೂಲಿ. ಕೊನೆಗೆ ನಾಲ್ಕು ಸಾಲು ಬಿಟ್ಟ. ಅರಣ್ಯದವರು ಸಂಜೆ ಬಂದು ನೋಡಿ, ಬೆಳಗಿನವರೆಗೆ ಯಾರೂ ಆ ಕಡೆ ಸುಳಿಯಬೇಡಿ ಅಂದರು. ರಾತ್ರಿ ತಾಯಿ ಬಂದು ಮೂರನ್ನೂ ಒಯ್ದಿತ್ತು. ಬುಟ್ಟಿ ಖಾಲಿ.

ತಾಯಿ ಸತ್ತಿದೆ ಅಂತ ನಾವು ಯಾಕೆ ಅಷ್ಟು ಬೇಗ ತೀರ್ಮಾನ ಮಾಡುತ್ತೇವೋ ಗೊತ್ತಿಲ್ಲ.

ಪಶುವೈದ್ಯ, ಜಮಖಂಡಿ

ಇದನ್ನೇ ಚಿಂಕಾರಕ್ಕೂ ಹೇಳಬೇಕು. ಮರಿ ಹಾಕಿದ ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ದೂರ ಮೇಯಲು ಹೋಗುತ್ತೆ. ಮರಿ ಅಲ್ಲಾಡದೆ ಮಲಗಿರುತ್ತೆ, ಹತ್ತಿರ ಹೋದರೂ ಏಳುವುದಿಲ್ಲ. ‘ಅನಾಥ ಮರಿ’ ಅಂತ ಎತ್ತಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಒಳ್ಳೆ ಮನಸ್ಸಿನಿಂದಲೇ ತಂದಿರುತ್ತಾರೆ. ಕಾಯ್ದೆ ಪ್ರಕಾರ ಅದು ಅಪರಾಧ ಕೂಡ, ಚಿಂಕಾರ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.

ದಾದಿ ಅಕ್ಕ

ಎಲ್ಲರೂ ಚಿಂಕಾರದ ಬಗ್ಗೆ ಮಾತಾಡುತ್ತಿದ್ದೀರಿ. ಬರೆದವರ ಕೈ ಬಗ್ಗೆ ಯಾರೂ ಕೇಳಲಿಲ್ಲ. ಜಾಲಿ ಕಂಟಿಯಲ್ಲಿ ಓಡಿದ್ದೀರಿ, ಮುಳ್ಳು ಗೀರಿರುತ್ತೆ. ನಾಯಿ ಕಚ್ಚಿದ ಜಾಗದಲ್ಲಿ ನಾಯಿಯ ಜೊಲ್ಲು ಇರುತ್ತೆ. ಅದನ್ನು ಬರಿಗೈಯಲ್ಲಿ ಮುಟ್ಟಿದ್ದೀರಿ. ಗಾಯ ಇತ್ತಾ?

ಮಸಾರಿ ಹಾದಿ

ಮುಂಗೈ ಮೇಲೆ ಎರಡು ಗೀರು ಇದ್ದವು, ರಕ್ತ ಬಂದಿತ್ತು. ಬಾಟಲಿ ನೀರಿನಲ್ಲಿ ತೊಳೆದೆ. ನಿಜ ಹೇಳಬೇಕೆಂದರೆ ಇದು ತಲೆಗೇ ಬಂದಿರಲಿಲ್ಲ.

ದಾದಿ ಅಕ್ಕ

ಇವತ್ತೇ ಹೋಗಿ. ನಾಲ್ಕು ದಿನ ಆಯಿತು, ಇನ್ನೇನು ಅಂತ ಬಿಡಬೇಡಿ. ರೇಬಿಸ್ ಲಕ್ಷಣ ಬಂದಮೇಲೆ ಔಷಧ ಇಲ್ಲ, ಅದಕ್ಕೆ ಮೊದಲು ಎಷ್ಟು ತಡವಾದರೂ ಲಸಿಕೆ ಹಾಕಿಸಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಇಮ್ಯುನೊಗ್ಲೋಬುಲಿನ್ (ರೇಬಿಸ್ ವಿರುದ್ಧ ತಯಾರಾಗಿರುವ ಪ್ರತಿಕಾಯದ ಚುಚ್ಚುಮದ್ದು) ಬೇಕಾ ಅನ್ನೋದನ್ನು ಗಾಯ ನೋಡಿ ವೈದ್ಯರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತೆ.

ಉಳಿದವರಿಗೂ: ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ, ನಮಗೆ 15 ಅನಿಸಿದ್ದು ಸಾಮಾನ್ಯವಾಗಿ ಎರಡೇ ನಿಮಿಷ ಇರುತ್ತೆ. ಸುಣ್ಣ, ಅರಿಶಿನ, ಖಾರದ ಪುಡಿ, ಏನೂ ಹಚ್ಚಬೇಡಿ. ಖಾರದ ಪುಡಿ ಹಚ್ಚಿಕೊಂಡು ಬಂದವರನ್ನು ಈಗಲೂ ನೋಡುತ್ತೇನೆ.

ನವನಗರ ನಸುಕು

ಫೋನ್ ನಂಬರ್ ವಿಷಯ. ಅರಣ್ಯ ಸಹಾಯವಾಣಿ 1926. ಹತ್ತದಿದ್ದರೆ 112. ಅವರು ಪೊಲೀಸ್ ಮೂಲಕ ಮುಟ್ಟಿಸುತ್ತಾರೆ. ಓಡಲು ಹೋಗುವ ಮೊದಲೇ ಆ ಭಾಗದ ವಲಯ ಅರಣ್ಯ ಕಚೇರಿಯ ನಂಬರ್ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಜಾಲಿ ಕಂಟಿಯಲ್ಲಿ ನಿಂತು ಹುಡುಕುವುದಲ್ಲ. ವಿಳಾಸ ಹೇಳಲು ಹೋಗಬೇಡಿ, ‘ದೊಡ್ಡ ಬೇವಿನ ಮರದ ಹತ್ತಿರ’ ಅಂದರೆ ಈ ಜಿಲ್ಲೆಯಲ್ಲಿ ಸಾವಿರ ಇವೆ. ಲೊಕೇಶನ್ ಕಳಿಸಿ, ಒಬ್ಬರನ್ನು ಡಾಂಬರು ರಸ್ತೆಗೆ ಓಡಿಸಿ. ನಾವು ಓಡುವವರೇ ತಾನೆ.

ಇನ್ನೊಂದು, ಅಪರೂಪದ ಪ್ರಾಣಿ ಕಂಡ ಜಾಗವನ್ನು ಸ್ಟ್ರಾವಾದಲ್ಲಿ (ಓಟದ ದಾರಿ ದಾಖಲಿಸಿ ಹಂಚಿಕೊಳ್ಳುವ ಆ್ಯಪ್) ಫೋಟೊ ಸಮೇತ ಹಾಕಬೇಡಿ. ಉರುಲು ಹಾಕುವವರ ಕೈಯಲ್ಲೂ ಫೋನ್ ಇದೆ.

ಬಿಳಿಜೋಳ

ಸತ್ತಮೇಲೆ ಏನಾಯಿತು? ಹೂಳಿದಿರಾ?

ಮಸಾರಿ ಹಾದಿ

ಊರಿನವರು ಅಲ್ಲೇ ಹೂಳೋಣ, ಅರಿಶಿನ ಕುಂಕುಮ ಹಾಕೋಣ ಅಂದರು. ಇಲಾಖೆಯವರು ಬಿಡಲಿಲ್ಲ. ಸತ್ತ ಕಾಡುಪ್ರಾಣಿಯೂ ಸರ್ಕಾರದ ಆಸ್ತಿ, ಮರಣೋತ್ತರ ಪರೀಕ್ಷೆ ಆಗಲೇಬೇಕು ಅಂದರು. ಕೊಂಬು ಎಣಿಸಿ ಬರೆದುಕೊಂಡರು. ಎರಡು ಕೊಂಬು, ಅದನ್ನೂ ಬರೆದುಕೊಳ್ಳಬೇಕು. ಅದನ್ನು ನೋಡುವಾಗ ಯಾಕೋ ತುಂಬಾ ಬೇಜಾರಾಯಿತು.

ಕೃಷ್ಣೆಯ ದಂಡೆ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಪ್ಪಿದೆ, ನಾಯಿ ಬೇರೆ, ತೋಳ ಬೇರೆ. ಆದರೆ ಒಂದು ಅನುಮಾನ. 2016ರಲ್ಲೇ ಯಡಹಳ್ಳಿಯನ್ನು ಧಾಮ ಮಾಡಿದರಲ್ಲ, ಸುಮಾರು 96 ಚದರ ಕಿ.ಮೀ. ಚಿಂಕಾರ ಅಲ್ಲೇ ಇರದೆ ಹೊಲಕ್ಕೆ ಯಾಕೆ ಬರುತ್ತೆ?

ಹೊಲದ ಬದು

ಧಾಮದ ಗಡಿ ನಕ್ಷೆಯಲ್ಲಿದೆ, ಚಿಗರಿಗೆ ಗೊತ್ತಿಲ್ಲ. ಹಸಿ ಕಡಲೆ ಗಿಡದ ವಾಸನೆ ಮಾತ್ರ ಗೊತ್ತು. ನಮ್ಮ ಹೊಲಕ್ಕೂ ಬರುತ್ತವೆ. ಸ್ವಲ್ಪ ತಿನ್ನುತ್ತವೆ, ಹೋಗುತ್ತವೆ. ಹಂದಿಯ ಹಾಗೆ ಹೊಲ ಮಗುಚುವುದಿಲ್ಲ.

ಮಸಾರಿ ಹಾದಿ

ಎಲ್ಲರಿಗೂ ಸುದ್ದಿ ಹೇಳಿಬಿಡುತ್ತೇನೆ. ಲಸಿಕೆ ಮೂರು ಆಯಿತು, 28ನೇ ದಿನದ್ದು ಬಾಕಿ. ದಾದಿ ಅಕ್ಕ, ನಿಮಗೆ ದೊಡ್ಡ ನಮಸ್ಕಾರ.

ನಿನ್ನೆ ಆ ಜಾಗಕ್ಕೆ ಹೋಗಿದ್ದೆ, ಓಡಲು ಅಲ್ಲ. ಆ ಕುರಿ ಕಾಯುವ ಅಜ್ಜ ಸಿಕ್ಕರು. ನಿಮ್ಮ ಮಾತು ಕೇಳಬೇಕಿತ್ತು ಅಂದೆ. ಅವರು ಅದಕ್ಕೇನೂ ಹೇಳಲಿಲ್ಲ, ಚಹಾ ಕುಡಿದಿರಾ ಅಂತ ಕೇಳಿದರು. ಆಮೇಲೆ ಬೇಲಿ ತೋರಿಸಿದರು. ಹೊಲದವರು ದಾಳಿಂಬೆ ಹಾಕಿದ್ದಾಗ ಕಟ್ಟಿದ್ದಂತೆ. ದಾಳಿಂಬೆ ಕಿತ್ತು ಎಷ್ಟೋ ದಿನ ಆಗಿದೆ, ತಂತಿ ಮಾತ್ರ ಹಾಗೇ ಇದೆ. ಕಂಬ ಬಾಗಿವೆ, ಅರ್ಧ ಬಳ್ಳಿ ಹಬ್ಬಿದೆ. ಕೆಳಗಿನ ಸಾಲಿನ ಮುಳ್ಳಿಗೆ ಕಂದು ಕೂದಲು ಸಿಕ್ಕಿತ್ತು. ಒಂದೇ ಕಡೆ ಅಲ್ಲ, ಮೂರು ಕಡೆ.

ಹೊಲದವರ ಜೊತೆ ಮಾತಾಡಿದೆ. ಆ ಕಡೆಯ ತಂತಿ ಅವರಿಗೆ ಬೇಕಿಲ್ಲ, ತೆಗೆಯಲು ಆಳಿಲ್ಲ ಅಂದರು. ನಾವೇ ಬಿಚ್ಚುತ್ತೇವೆ ಅಂದೆ. ಸುತ್ತಿ ಕೊಟ್ಟರೆ ಗುಜರಿಗೆ ಹಾಕುತ್ತಾರಂತೆ. ಸುಮಾರು 200 ಮೀಟರ್ ಇದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬಾಗಲಕೋಟೆಯ ನವನಗರದಿಂದ ಹೊರಡುತ್ತೇವೆ. ನನ್ನ ಹತ್ತಿರ ಇಕ್ಕಳ ಒಂದೇ ಇದೆ. ದಪ್ಪ ಕೈಗವಸು ಇದ್ದವರು ತನ್ನಿ, ತಂತಿ ತುಕ್ಕು ಹಿಡಿದಿದೆ.

ಗೋಳಗುಮ್ಮಟ 21

ವಿಜಯಪುರದಿಂದ ಇಬ್ಬರು ಬರುತ್ತೇವೆ. ಎರಡು ಇಕ್ಕಳ, ಒಂದು ತಂತಿ ಕತ್ತರಿ.

ದಾದಿ ಅಕ್ಕ

ತುಕ್ಕು ತಂತಿ ಅಂದಿರಿ. ಎಲ್ಲರೂ ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೋಡಿಕೊಂಡು ಬನ್ನಿ.

ಹೊಲದ ಬದು

ರೊಟ್ಟಿ, ಶೇಂಗಾ ಚಟ್ನಿ ನನ್ನದು. ಎಷ್ಟು ಜನ ಅಂತ ಶನಿವಾರದೊಳಗೆ ಹೇಳಿ.